2025ರ ಆಗಸ್ಟ್: ಛೆಟ್ರಿಗೆ 41, ಲೀಗಿಗೆ ದಿನಾಂಕವಿಲ್ಲ

ಆಗಸ್ಟ್ ಬಂತೆಂದರೆ ಫುಟ್‌ಬಾಲ್ ಅಭಿಮಾನಿಗಳಿಗೆ ಮಾತಿನ ಸುಗ್ಗಿ. ಯಾರು ಬಂದರು, ಯಾರು ಬಿಟ್ಟುಹೋದರು, ಹೊಸ ಕೋಚ್ ಯಾರನ್ನು ಎಲ್ಲಿ ಆಡಿಸುತ್ತಾರೆ, ನಮ್ಮ ತಂಡ ಈ ಸಲ ಎಷ್ಟನೇ ಸ್ಥಾನಕ್ಕೆ ನಿಲ್ಲುತ್ತದೆ ಎಂದು ಟೀ ಅಂಗಡಿಯ ಮುಂದೆ ನಿಂತು ಗಂಟೆಗಟ್ಟಲೆ ಲೆಕ್ಕ ಹಾಕಬಹುದು. ಒಂದು ಪಂದ್ಯವೂ ನಡೆದಿರುವುದಿಲ್ಲ. ಎಲ್ಲರ ಖಾತೆಯಲ್ಲೂ ಸೊನ್ನೆ ಅಂಕ. ಹೋದ ವರ್ಷ ತಳದಲ್ಲಿದ್ದವನೂ ಕಪ್ ಗೆದ್ದವನೂ ಒಂದೇ ಗೆರೆಯ ಮೇಲೆ ನಿಂತಿರುವ ಕೆಲವೇ ವಾರಗಳು ಇವು. ಅಭಿಮಾನಿಯ ಪಾಲಿಗೆ ಇಡೀ ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಕಾಲ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ.

ಇಂಗ್ಲೆಂಡಿನಲ್ಲಿ ಪ್ರೀಮಿಯರ್ ಲೀಗ್ 2025ರ ಆಗಸ್ಟ್ 15ರ ರಾತ್ರಿ ಆನ್‌ಫೀಲ್ಡ್‌ನಲ್ಲಿ ಶುರುವಾಯಿತು. ಅಲ್ಲಿನ ಕ್ಲಬ್ಬುಗಳ ವೇಳಾಪಟ್ಟಿ ಜೂನ್ 18ಕ್ಕೇ ಪ್ರಕಟವಾಗಿತ್ತು. ಎಂಟು ವರ್ಷ ಕೆಳಗಿನ ಹಂತಗಳಲ್ಲಿ ಅಲೆದು ಆ ವರ್ಷ ಮೇಲೆ ಬಂದಿದ್ದ ಸಂಡರ್‌ಲೆಂಡ್‌ನ ಅಭಿಮಾನಿಗಳಿಗೆ ಯಾವ ತಿಂಗಳು ಯಾರೊಡನೆ ಆಟ ಎಂಬುದು ಎರಡು ತಿಂಗಳ ಮೊದಲೇ ಗೊತ್ತಿತ್ತು. ಅದಕ್ಕೆ ಹಿಂದಿನ ಎರಡು ಸೀಸನ್‌ಗಳಲ್ಲಿ ಮೇಲೆ ಬಂದ ಮೂರಕ್ಕೆ ಮೂರೂ ತಂಡಗಳು ಅದೇ ವರ್ಷ ಕೆಳಗಿಳಿದವು ಎಂಬುದೂ ಗೊತ್ತಿತ್ತು. ಹಾಗಾಗಿ ಅವರು ಕೇಳಿದ್ದು ಕೆಳಗಿಳಿಯದೆ ಉಳಿಯುವ ಹದಿನೇಳನೇ ಸ್ಥಾನ. ಅಷ್ಟು ಸಿಕ್ಕರೆ ಅವರಿಗೆ ಅದೇ ಕಪ್. ಲಿವರ್‌ಪೂಲ್‌ನವರಿಗೆ ಎರಡನೇ ಸ್ಥಾನವೂ ಸೋಲು. ಆಸೆಯ ಅಳತೆ ಕ್ಲಬ್ಬಿಂದ ಕ್ಲಬ್ಬಿಗೆ ಬೇರೆ. ಆದರೆ ಅಳೆಯಲು ಎಲ್ಲರಿಗೂ ಒಂದು ವೇಳಾಪಟ್ಟಿ ಇತ್ತು.

ಬೆಂಗಳೂರಿನ ಅಭಿಮಾನಿಗೆ ಆ ಆಗಸ್ಟ್‌ನಲ್ಲಿ ಅದಿರಲಿಲ್ಲ.

2025ರ ಜುಲೈ 11ರಂದು ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ನಡೆಸುವ ಕಂಪನಿ, 2025–26ರ ಸೀಸನ್ ಅನ್ನು ಸದ್ಯಕ್ಕೆ ತಡೆಹಿಡಿದಿದ್ದೇವೆ ಎಂದು ಕ್ಲಬ್ಬುಗಳಿಗೆ ತಿಳಿಸಿತು. ಕಾರಣ ಮೈದಾನದ್ದಲ್ಲ, ಕಾಗದದ್ದು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಮತ್ತು ಆ ಕಂಪನಿಯ ಗುಂಪಿನ ನಡುವೆ 2010ರಲ್ಲಿ ಹದಿನೈದು ವರ್ಷಕ್ಕೆ ಒಂದು ಒಪ್ಪಂದವಾಗಿತ್ತು. ವರ್ಷಕ್ಕೆ 50 ಕೋಟಿ ರೂಪಾಯಿ ಫೆಡರೇಷನ್‌ಗೆ, ಭಾರತೀಯ ಫುಟ್‌ಬಾಲಿನ ವಾಣಿಜ್ಯ ಹಕ್ಕುಗಳು ಕಂಪನಿಗೆ. ಅದರ ಅವಧಿ 2025ರ ಡಿಸೆಂಬರ್ 8ಕ್ಕೆ ಮುಗಿಯುವುದಿತ್ತು. ಫೆಡರೇಷನ್ನಿನ ಸಂವಿಧಾನದ ಪ್ರಕರಣ ಆಗ ಸುಪ್ರೀಂ ಕೋರ್ಟ್ ಮುಂದಿತ್ತು. ತೀರ್ಪು ಬರುವ ತನಕ ಹೊಸ ಒಪ್ಪಂದ ಮಾಡಿಕೊಳ್ಳುವಂತಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಲೀಗ್ ಶುರುವಾಗಿದ್ದರೆ ಮೂರನೇ ಒಂದು ಭಾಗ ಆಡುವಷ್ಟರಲ್ಲಿ ಕರಾರು ಮುಗಿದಿರುತ್ತಿತ್ತು. ಒಪ್ಪಂದ 2025ಕ್ಕೆ ಮುಗಿಯುತ್ತದೆ ಎಂಬುದು ಸಹಿ ಹಾಕಿದ ದಿನವೇ ಎಲ್ಲರಿಗೂ ತಿಳಿದಿತ್ತು. ಹದಿನೈದು ವರ್ಷ ಸಮಯವಿದ್ದೂ ಕೊನೆಯ ಆರು ತಿಂಗಳಿಗೆ ಬಂದು ನಿಂತದ್ದು ನನಗೆ ನುಂಗಲಾಗದ ಸಂಗತಿ.

ಈ ತಡೆ ಇಲ್ಲದಿದ್ದರೆ ನಾವಾಗ ಏನು ಮಾತಾಡುತ್ತಿದ್ದೆವು? ಬೆಂಗಳೂರು ಎಫ್‌ಸಿ ಬಗ್ಗೆ ಮಾತಾಡುವುದು ಬೇಕಾದಷ್ಟಿತ್ತು.

2023–24ರಲ್ಲಿ ಈ ತಂಡ ಹನ್ನೆರಡರಲ್ಲಿ ಹತ್ತನೇ ಸ್ಥಾನಕ್ಕೆ ಬಿದ್ದಿತ್ತು. 2013ರಲ್ಲಿ ಹುಟ್ಟಿ, ಮೊದಲ ವರ್ಷವೇ ಐ–ಲೀಗ್ ಗೆದ್ದು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್‌ಗೆ ಹೋಗಿ, 2019ರಲ್ಲಿ ಐಎಸ್‌ಎಲ್ ಎತ್ತಿದ ಕ್ಲಬ್ಬಿಗೆ ಹತ್ತನೇ ಸ್ಥಾನವೆಂದರೆ ತಲೆ ತಗ್ಗಿಸುವ ಮಾತು. 2024ರ ಇದೇ ಹೊತ್ತಿಗೆ ಯಾರಾದರೂ ನಮ್ಮವರು ಫೈನಲ್ ಆಡುತ್ತಾರೆ ಎಂದಿದ್ದರೆ ಅವರ ಅಭಿಮಾನವನ್ನು ಮೆಚ್ಚಿ ಮಾತು ಬದಲಿಸುತ್ತಿದ್ದೆವು. ಸೀಸನ್‌ನ ಮೊದಲ ಪಂದ್ಯದಲ್ಲೇ ಕಂಠೀರವದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಹತ್ತೊಂಬತ್ತರ ಹುಡುಗ ವಿನೀತ್ ವೆಂಕಟೇಶ್ ಗೋಲು ಹೊಡೆದ, ತಂಡ 1–0ಯಿಂದ ಗೆದ್ದಿತು. ಅಲ್ಲಿಂದ ಗಾಳಿ ತಿರುಗಿತು. ಕೋಚ್ ಗೆರಾರ್ಡ್ ಜರಗೋಜಾ ಅವರ ತಂಡ 24 ಪಂದ್ಯಗಳಲ್ಲಿ 38 ಅಂಕ ಗಳಿಸಿ ಮೂರನೇ ಸ್ಥಾನ ಹಿಡಿಯಿತು. ಪ್ಲೇಆಫ್‌ನಲ್ಲಿ ಮುಂಬೈ ಸಿಟಿಯನ್ನು 5–0ಯಿಂದ ಮಣ್ಣು ಮುಕ್ಕಿಸಿತು.

ಗೋವಾ ವಿರುದ್ಧದ ಸೆಮಿಫೈನಲ್ ಅನ್ನು ಮಾತ್ರ ಸ್ವಲ್ಪ ನಿಧಾನವಾಗಿ ನೆನೆಯಬೇಕು. ಕಂಠೀರವದಲ್ಲಿ 2–0 ಗೆದ್ದು ಹೋಗಿದ್ದೆವು. ಫತೋರ್ಡದಲ್ಲಿ ಗೋವಾ ಆ ಎರಡನ್ನೂ ತೀರಿಸಿತು. ತೊಂಬತ್ತು ನಿಮಿಷ ಮುಗಿಯಿತು. ಹೆಚ್ಚುವರಿ ಸಮಯಕ್ಕೆ ಹೋಗುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದಾಗ ಬದಿಯಿಂದ ಒಂದು ಚೆಂಡು ಪೆನಾಲ್ಟಿ ಬಾಕ್ಸ್‌ಗೆ ಬಂತು. ತಮಗಿಂತ ಎತ್ತರದ ಡಿಫೆಂಡರ್‌ಗಳ ನಡುವೆ ಸುನಿಲ್ ಛೆಟ್ರಿ ತಲೆ ಕೊಟ್ಟರು. ಐದಡಿ ಏಳಿಂಚಿನ ಆಸುಪಾಸಿನ ಮನುಷ್ಯ ನಲವತ್ತರ ವಯಸ್ಸಿನಲ್ಲಿ ಹೆಡರ್‌ನಿಂದ ಸೆಮಿಫೈನಲ್ ಗೆಲ್ಲಿಸಬೇಕಾದರೆ ಜಿಗಿತವೊಂದೇ ಸಾಲದು. ಚೆಂಡು ಹೊರಡುವ ಮೊದಲೇ ಅದು ಎಲ್ಲಿ ಬಂದಿಳಿಯುತ್ತದೆಂದು ಗೊತ್ತಿರಬೇಕು. ಎದುರಾಳಿಯ ಬೆನ್ನಿನ ಹಿಂದೆ ಅರ್ಧ ಹೆಜ್ಜೆ ಬಿಟ್ಟು ನಿಂತು, ಅವನು ಚೆಂಡಿನ ಕಡೆ ಕಣ್ಣು ಹೊರಳಿಸಿದ ಕ್ಷಣದಲ್ಲಿ ಮುಂದೆ ನುಗ್ಗಬೇಕು. ಇಪ್ಪತ್ತು ವರ್ಷಗಳಿಂದ ಅವರು ಮಾಡುತ್ತಿರುವುದು ಇದನ್ನೇ, ಇನ್ನೂ ಯಾರಿಗೂ ತಡೆಯಲು ಆಗಿಲ್ಲ.

2025ರ ಏಪ್ರಿಲ್ 12ರ ಫೈನಲ್ ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ. ಎದುರಿಗೆ 56 ಅಂಕಗಳೊಡನೆ ಲೀಗ್ ಶೀಲ್ಡ್ ಗೆದ್ದುಕೊಂಡಿದ್ದ ಮೋಹನ್ ಬಗಾನ್, ಸುತ್ತ ಅವರದೇ ಜನ. ನಾವು ಮೊದಲು ಮುನ್ನಡೆ ಪಡೆದೆವು. ಅವರು ಪೆನಾಲ್ಟಿಯಿಂದ ಸಮ ಮಾಡಿದರು. ಹೆಚ್ಚುವರಿ ಸಮಯದ ಆರನೇ ನಿಮಿಷದಲ್ಲಿ ಜೇಮಿ ಮೆಕ್ಲಾರೆನ್ ಗೋಲು ಹೊಡೆದು ಮುಗಿಸಿದರು. ಅದಕ್ಕೆ ಎರಡು ವರ್ಷ ಮೊದಲು ಇದೇ ಕ್ಲಬ್ಬಿನ ಎದುರು ಗೋವಾದಲ್ಲಿ ಪೆನಾಲ್ಟಿ ಶೂಟೌಟ್‌ನಲ್ಲಿ ಸೋತ ಗಾಯದ ಮೇಲೆ ಇದು ಎರಡನೆಯದು.

ಆ ಸೀಸನ್‌ನಲ್ಲಿ ಛೆಟ್ರಿ ಹೊಡೆದ ಗೋಲುಗಳು 14. ಭಾರತೀಯರ ಪೈಕಿ ಅಷ್ಟು ಯಾರೂ ಹೊಡೆದಿಲ್ಲ. ಇದು ಹೆಮ್ಮೆಯ ಅಂಕಿ, ಅಷ್ಟೇ ಚಿಂತೆಯದೂ. 2025ರ ಆಗಸ್ಟ್ 3ಕ್ಕೆ ಅವರಿಗೆ 41 ತುಂಬಿತು. ಅಂತರರಾಷ್ಟ್ರೀಯ ಆಟದಿಂದ ನಿವೃತ್ತಿ ಘೋಷಿಸಿದ್ದವರನ್ನು ಆ ವರ್ಷದ ಮಾರ್ಚ್‌ನಲ್ಲಿ ರಾಷ್ಟ್ರೀಯ ತಂಡ ಮತ್ತೆ ಕರೆಸಿಕೊಂಡಿತು. ದೇಶಕ್ಕೇ ಇನ್ನೊಬ್ಬ ಸ್ಟ್ರೈಕರ್ ಸಿಕ್ಕಿಲ್ಲ ಎಂದ ಮೇಲೆ ಬೆಂಗಳೂರಿಗೆ ಎಲ್ಲಿಂದ ಸಿಗಬೇಕು? 2025–26ರ ಸೀಸನ್‌ನ ದೊಡ್ಡ ಪ್ರಶ್ನೆ ಇದೇ ಆಗಬೇಕಿತ್ತು. ಛೆಟ್ರಿ ಅರವತ್ತನೇ ನಿಮಿಷಕ್ಕೆ ಹೊರಗೆ ಬಂದ ಮೇಲೆ ಉಳಿದ ಅರ್ಧ ಗಂಟೆ ಗೋಲು ಹೊಡೆಯುವವರು ಯಾರು? ವಿನೀತ್, ಶಿವಶಕ್ತಿ ನಾರಾಯಣನ್ ಅವರಂಥ ಹುಡುಗರಿಗೆ ಆಗ ಬೇಕಾಗಿದ್ದದ್ದು ವಾರಕ್ಕೊಂದು ಪಂದ್ಯ. ತಪ್ಪು ಮಾಡಲು, ಮುಂದಿನ ವಾರ ಅದನ್ನು ತಿದ್ದಿಕೊಳ್ಳಲು ಅವಕಾಶ. ನಲವತ್ತೊಂದರ ಆಟಗಾರನಿಗೆ ಆರು ತಿಂಗಳು ಸುಮ್ಮನೆ ಕಳೆದರೆ ಎಷ್ಟು ನಷ್ಟವೋ, ಇಪ್ಪತ್ತರ ಆಟಗಾರನಿಗೂ ಅಷ್ಟೇ ನಷ್ಟ. ಒಬ್ಬರಿಗೆ ಕೊನೆಯ ತಿಂಗಳುಗಳು ಹೋಗುತ್ತವೆ, ಇನ್ನೊಬ್ಬನಿಗೆ ಕಲಿಯುವ ತಿಂಗಳುಗಳು.

ಆ ವರ್ಷ ಆಗಸ್ಟ್ 4ರಂದು ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಪ್ರಕಟಿಸಿತು. ಯುವ ತಂಡಗಳಿಗೂ ಮಕ್ಕಳ ಫುಟ್‌ಬಾಲ್ ಶಾಲೆಗಳಿಗೂ ಇದು ಅನ್ವಯಿಸದು ಎಂದಿದ್ದೊಂದೇ ಸಮಾಧಾನ. ಬೇರೆ ಕೆಲವು ಕ್ಲಬ್ಬುಗಳೂ ಇದೇ ದಾರಿ ಹಿಡಿದವು. ಹೀಗೇ ಮುಂದುವರಿದರೆ ಬಾಗಿಲು ಹಾಕಬೇಕಾದೀತು ಎಂದು ಹನ್ನೊಂದು ಕ್ಲಬ್ಬುಗಳು ಫೆಡರೇಷನ್‌ಗೆ ಪತ್ರ ಬರೆದವು. ಸಂಬಳ ನಿಂತಾಗ ಮೊದಲು ನೆನಪಾಗುವುದು ಹೆಸರಾಂತ ಆಟಗಾರರು. ನನಗೆ ಚಿಂತೆ ಇದ್ದದ್ದು ಫಿಸಿಯೊ, ಕಿಟ್ ನೋಡಿಕೊಳ್ಳುವವರು, ಎದುರಾಳಿಗಳ ವಿಡಿಯೊ ಕತ್ತರಿಸಿಕೊಡುವವರ ಬಗ್ಗೆ. ತಿಂಗಳ ಸಂಬಳದಲ್ಲೇ ಅವರ ಮನೆ ನಡೆಯುತ್ತದೆ.

ದಿನಾಂಕ ಇಲ್ಲದಿದ್ದರೆ ಏನು ಕೆಡುತ್ತದೆ ಎಂದು ಹೊರಗಿನವರು ಕೇಳಬಹುದು. ತಡವಾಗಿಯಾದರೂ ನಡೆಯುತ್ತದಲ್ಲ ಎನ್ನಬಹುದು. ಮುಹೂರ್ತ ಗೊತ್ತಾಗದ ಮದುವೆಗೆ ಛತ್ರ ಹಿಡಿಯಲಾಗದು. ಕೋಚ್ ಒಬ್ಬರು ಮೊದಲ ಪಂದ್ಯದ ದಿನದಿಂದ ಹಿಂದಕ್ಕೆ ಎಣಿಸಿ ತರಬೇತಿ ಶುರುಮಾಡುತ್ತಾರೆ. ಮೊದಲು ಓಟ, ಆಮೇಲೆ ಚೆಂಡಿನ ಕೆಲಸ, ಆಮೇಲೆ ಅಭ್ಯಾಸ ಪಂದ್ಯಗಳು. ಆಟಗಾರನ ಮೈ ಆ ದಿನಕ್ಕೆ ಹದಗೊಳ್ಳಬೇಕು. ಬೇಗ ಹದಗೊಂಡರೆ ದಣಿವು, ತಡವಾದರೆ ಸ್ನಾಯು ಸೆಳೆತ. ಎಣಿಸಲು ದಿನವೇ ಇಲ್ಲದಿದ್ದರೆ ತರಬೇತಿ ಶುರುಮಾಡುವುದು ಯಾವತ್ತು? ವಿದೇಶಿ ಆಟಗಾರರು ಕಾಯುತ್ತಾ ಕೂರುವುದಿಲ್ಲ, ಕರೆದ ಕಡೆ ಹೋಗುತ್ತಾರೆ. ಜರ್ಸಿಯ ಎದೆಯ ಮೇಲೆ ಹೆಸರು ಹಾಕಿಸುವ ಕಂಪನಿ, ಎಷ್ಟು ಪಂದ್ಯ ಟಿವಿಯಲ್ಲಿ ಬರುತ್ತದೆ ಎಂದು ಕೇಳಿಯೇ ಹಣ ಕೊಡುವುದು.

ವಿಚಿತ್ರವೆಂದರೆ ಏಷ್ಯಾ ಕಾಯಲಿಲ್ಲ. ಆಗಸ್ಟ್ 13ರಂದು ಗೋವಾ ಒಮಾನ್‌ನ ಅಲ್ ಸೀಬ್ ತಂಡವನ್ನು 2–1ರಿಂದ ಸೋಲಿಸಿ ಎಎಫ್‌ಸಿ ಚಾಂಪಿಯನ್ಸ್ ಲೀಗ್ 2ಕ್ಕೆ ಅರ್ಹತೆ ಪಡೆಯಿತು. ಎರಡೇ ದಿನಕ್ಕೆ ಡ್ರಾ ಬಂತು. ಗೋವಾದ ಗುಂಪಿನಲ್ಲಿ ಸೌದಿಯ ಅಲ್ ನಸ್ರ್ ಇತ್ತು, ಕ್ರಿಸ್ಟಿಯಾನೊ ರೊನಾಲ್ಡೊ ಆಡುತ್ತಿದ್ದ ಕ್ಲಬ್. ಮೋಹನ್ ಬಗಾನ್ ಇನ್ನೊಂದು ಗುಂಪಿನಲ್ಲಿತ್ತು. ತಮ್ಮ ದೇಶದಲ್ಲಿ ಲೀಗ್ ಯಾವಾಗೆಂದು ತಿಳಿಯದೆ ಏಷ್ಯಾದ ದೊಡ್ಡ ಕ್ಲಬ್ಬುಗಳ ಎದುರು ಇಳಿಯುವ ತಂಡಗಳ ಮೇಲೆ ನನಗೆ ಗೌರವವಿದೆ. ವಾರವಾರ ಆಡಿ ಬರುವ ಎದುರಾಳಿಗಳ ಮುಂದೆ ಅವರು ಲೀಗ್ ಪಂದ್ಯಗಳಿಲ್ಲದೆ ನಿಲ್ಲಬೇಕಿತ್ತು. ಡುರಾಂಡ್ ಕಪ್ ಕೂಡ ಆ ಸಲ ಬಡವಾಯಿತು. 1888ರಲ್ಲಿ ಶುರುವಾದ ಟೂರ್ನಿಗೆ ಐಎಸ್‌ಎಲ್‌ನಿಂದ ಬಂದದ್ದು ಆರೇ ತಂಡಗಳು. 2022ರಲ್ಲಿ ಅದನ್ನು ಗೆದ್ದ ಬೆಂಗಳೂರು ಅದರಲ್ಲಿರಲಿಲ್ಲ.

ಇಷ್ಟೆಲ್ಲ ಆದರೂ ಲೆಕ್ಕ ಹಾಕುವುದನ್ನು ಬಿಡಬಾರದು ಎಂದು ನನಗೆ ಅನ್ನಿಸುವುದಕ್ಕೆ ಒಂದು ಕಾರಣ ಐಜಾಲ್. 2015–16ರಲ್ಲಿ ಮಿಜೋರಾಂನ ಆ ಪುಟ್ಟ ಕ್ಲಬ್ ಐ–ಲೀಗಿನಿಂದ ಕೆಳಗಿಳಿದಿತ್ತು. ಗೋವಾದ ಕ್ಲಬ್ಬುಗಳು ಹೊರನಡೆದ ಕಾರಣ ಅವರಿಗೆ ಮತ್ತೆ ಜಾಗ ಸಿಕ್ಕಿತು. ಮುಂಬೈ ಎಫ್‌ಸಿ ಕೈಬಿಟ್ಟಿದ್ದ ಖಾಲಿದ್ ಜಮೀಲ್ ಕೋಚ್ ಆಗಿ ಬಂದರು. ದೊಡ್ಡ ಹೆಸರುಗಳಿಲ್ಲ, ದೊಡ್ಡ ದುಡ್ಡಿಲ್ಲ. 2017ರ ಏಪ್ರಿಲ್ 30ರಂದು ಶಿಲ್ಲಾಂಗ್‌ನಲ್ಲಿ 1–1 ಡ್ರಾ ಮಾಡಿಕೊಂಡು, ಮೋಹನ್ ಬಗಾನ್‌ಗಿಂತ ಒಂದೇ ಒಂದು ಅಂಕ ಮುಂದೆ ನಿಂತು ದೇಶದ ಚಾಂಪಿಯನ್ ಆದರು. ಸೀಸನ್‌ಗೆ ಮೊದಲು ಅದನ್ನು ಹೇಳಿದವರು ಐಜಾಲ್‌ನ ಬೆಟ್ಟದ ಮೇಲೆ ಯಾರಾದರೂ ಇದ್ದಿರಲೇಬೇಕು. ಅದೇ ಜಮೀಲ್ 2025ರ ಆಗಸ್ಟ್‌ನಲ್ಲಿ ಭಾರತ ತಂಡದ ಕೋಚ್ ಆದರು. ಜುಲೈನಲ್ಲಿ ಫಿಫಾ ಪಟ್ಟಿಯಲ್ಲಿ 133ಕ್ಕೆ ಇಳಿದ ತಂಡ ಅವರ ಕೈಗೆ ಬಂತು. ಆಟಗಾರರು ಕ್ಲಬ್‌ಗಳಲ್ಲಿ ಆಡದೆ ಕೂತಿದ್ದರು. ಜಮೀಲ್‌ಗಿಂತ ಕಷ್ಟದ ಕೆಲಸ ಆಗ ಭಾರತದ ಕ್ರೀಡೆಯಲ್ಲಿ ಯಾರಿಗಿತ್ತೋ ಕಾಣೆ.

ಬೆಂಗಳೂರಿಗೆ ಫುಟ್‌ಬಾಲ್ ಹೊಸದಾಗಿ ಬಂದ ಶೋಕಿಯಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಈ ಊರಿನವರು. ಹಲಸೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇದೆ, ಅದರ ಸುತ್ತಲಿನ ಗಲ್ಲಿಗಳಲ್ಲಿ ಮಕ್ಕಳು ಬೆಳೆಯುವುದೇ ಚೆಂಡಿನ ಜೊತೆ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿ ತಂದಿತು. ಇಂಥ ನಗರದಲ್ಲಿ ಕಂಠೀರವದ ಪಶ್ಚಿಮ ಗ್ಯಾಲರಿಯಲ್ಲಿ ತಮಟೆ ಬಡಿಯುವ ಹುಡುಗ ಹುಡುಗಿಯರಿಗೆ ಒಂದು ದಿನಾಂಕ ಕೊಡಲು ಸಂಬಂಧಪಟ್ಟವರಿಗೆ ಆಗಬೇಕಿತ್ತು. ಲೀಗ್ ನಡೆದೇ ನಡೆಯುತ್ತದೆ ಎಂದು ಫೆಡರೇಷನ್ ಅಧ್ಯಕ್ಷರು ಕ್ಲಬ್ಬುಗಳ ಸಭೆಯಲ್ಲಿ ಭರವಸೆ ಕೊಟ್ಟರು. ಅದಕ್ಕೆ ಮೊದಲು ಸೂಪರ್ ಕಪ್ ಮಾಡೋಣ ಎಂಬ ಮಾತೂ ಇತ್ತು. ಆಗಲಿ. ಆದರೆ ಮುಂದಿನ ಒಪ್ಪಂದ ಬರೆಯುವಾಗ, ಹಣ ಯಾರಿಗೆ ಎಷ್ಟು ಎಂಬುದಕ್ಕಿಂತ ಮೊದಲು, ಪ್ರತಿ ವರ್ಷ ಯಾವ ತಿಂಗಳೊಳಗೆ ವೇಳಾಪಟ್ಟಿ ಹೊರಬರಬೇಕು ಎಂಬುದನ್ನು ಬರೆದಿಡಲಿ.

ಆ ಆಗಸ್ಟ್‌ನಲ್ಲಿ ನನ್ನ ಲೆಕ್ಕ ಹೀಗಿತ್ತು. ಲೀಗ್ ಯಾವಾಗ ಶುರುವಾದರೂ ಮೋಹನ್ ಬಗಾನ್ ಮೊದಲ ಎರಡರೊಳಗೆ ಇರುತ್ತದೆ, ಅಷ್ಟು ಆಳ ಆ ತಂಡಕ್ಕಿದೆ. ಗೋವಾಕ್ಕೆ ಏಷ್ಯಾದ ಪ್ರಯಾಣದ ದಣಿವು ಕಾಡಬಹುದು, ಆದರೂ ಮೊದಲ ನಾಲ್ಕು ತಪ್ಪದು. ಬೆಂಗಳೂರಿನ ಹಿಂದಿನ ಸಾಲು ಗಟ್ಟಿ. ಗುರ್‌ಪ್ರೀತ್ ಸಿಂಗ್ ಸಂಧು ಗೋಲಿನಲ್ಲಿ, ರಾಹುಲ್ ಭೆಕೆ ಅವರ ಮುಂದೆ. 2019ರ ಫೈನಲ್‌ನಲ್ಲಿ ಗೆಲುವಿನ ಹೆಡರ್ ಹೊಡೆದ ಅದೇ ಭೆಕೆ. ಮಿಡ್‌ಫೀಲ್ಡ್‌ನಲ್ಲಿ ಸುರೇಶ್ ಸಿಂಗ್ ವಾಂಗ್‌ಜಾಮ್ ದಣಿವರಿಯದೆ ಓಡುತ್ತಾರೆ. ಛೆಟ್ರಿಯಿಂದ ಎಂಟು ಗೋಲು, ವಿನೀತ್‌ನಿಂದ ಐದು ಬಂದರೆ ನಮ್ಮದು ಮೂರನೇ ಸ್ಥಾನ. ಫೈನಲ್‌ನಲ್ಲಿ ಮತ್ತೆ ಬಗಾನ್ ಎದುರಾದರೆ, ಈ ಸಲ ನಮ್ಮದೇ.