ರುಜು ಮತ್ತು ಋಜುತ್ವ

ಮನುಷ್ಯನ ಕರ್ಮಗಳಲ್ಲಿ ಎರಡು ಬಗೆಯುಂಟು. ಮಾಡಿದೊಡನೆಯೆ ಪರೀಕ್ಷೆಗೆ ಒಳಗಾಗುವುವು ಕೆಲವು. ಪರೀಕ್ಷೆಯ ಕಾಲವು ಯಾವಾಗ ಬರುವುದೋ, ಬಾರದೆಯೇ ಹೋಗುವುದೋ ತಿಳಿಯದಂತೆ ಉಳಿಯುವುವು ಮತ್ತೆ ಕೆಲವು. ಅಡುಗೆಯವನ ತಪ್ಪು ಊಟದ ಎಲೆಯಲ್ಲಿಯೆ ಬಯಲಾಗುವುದು. ಗಮಕಿಯ ತಪ್ಪನ್ನು ಸಭೆಯು ಆ ಕ್ಷಣದಲ್ಲಿಯೆ ಹಿಡಿಯುವುದು. ಎರಡನೆಯ ಬಗೆಯ ಕರ್ಮದಲ್ಲಿ ಮನುಷ್ಯನನ್ನು ನೇರವಾಗಿ ನಡೆಯಿಸತಕ್ಕುದು ಯಾವುದು? ಭಯವೆ, ಕೂಲಿಯೆ, ಅಥವಾ ಬೇರೊಂದೆ? ಸೈನ್ಯದ ವೈಮಾನಿಕರ ಪ್ಯಾರಾಷೂಟುಗಳನ್ನು ಪರೀಕ್ಷಿಸಿ ಮಡಿಚಿಡುವವರ ವೃತ್ತಿಯು ಈ ವಿಚಾರಕ್ಕೆ ತಕ್ಕ ದೃಷ್ಟಾಂತವಾಗಿದೆ. ಇವರಿಗೆ ಇಂಗ್ಲಿಷಿನಲ್ಲಿ ರಿಗ್ಗರ್ ಎಂದು ಹೆಸರು.

1922ನೆಯ ಅಕ್ಟೋಬರ್ 20ರಂದು ಅಮೆರಿಕದ ಡೇಟನ್ ನಗರದ ಮೇಲೆ ಹಾರುತ್ತಿದ್ದ ಹೆರಾಲ್ಡ್ ಹ್ಯಾರಿಸ್ ಎಂಬ ಸೇನಾ ವೈಮಾನಿಕನ ವಿಮಾನವು ಹತೋಟಿ ತಪ್ಪಿತು. ಆತನು ಹೊರಕ್ಕೆ ಧುಮುಕಿದನು. ಗಾಬರಿಯಲ್ಲಿ ಎಳೆಯಬೇಕಾದ ಹಿಡಿಕೆಯನ್ನು ಬಿಟ್ಟು ಕಾಲಿನ ಪಟ್ಟಿಯ ಕೊಂಡಿಯನ್ನು ಮೂರು ಬಾರಿ ಎಳೆದನು. ಕೊನೆಗೆ ಸರಿಯಾದ ಹಿಡಿಕೆಯು ಕೈಗೆ ಸಿಕ್ಕಿ, ನೆಲವು ಸುಮಾರು 500 ಅಡಿಯಷ್ಟು ಸಮೀಪಿಸಿದ್ದಾಗ ಕೊಡೆಯು ಬಿಚ್ಚಿಕೊಂಡಿತು. ಒಂದು ದ್ರಾಕ್ಷಿಯ ಚಪ್ಪರದ ಮೇಲೆ ಜೀವಸಹಿತನಾಗಿ ಇಳಿದನು. ಬೀಳುವವನು ಮೂರು ಸಲ ತಪ್ಪಿದನು. ಮಡಿಚಿದವನು ಒಂದು ಸಲವೂ ತಪ್ಪಿರಲಿಲ್ಲ. ಆಪತ್ತಿನಲ್ಲಿರುವವನಿಗೆ ತಪ್ಪುವುದಕ್ಕೆ ಅವಕಾಶವು ದೊರೆಯುವುದು, ನೆಮ್ಮದಿಯಲ್ಲಿದ್ದವನು ತಪ್ಪದಿದ್ದುದರಿಂದ.

ಈ ನೆಮ್ಮದಿಯ ಕೆಲಸದ ಸ್ವರೂಪವನ್ನು ನೋಡೋಣ. ಮೊದಲು ಕೊಡೆಯನ್ನು ಎತ್ತರವಾದ ಕೋಣೆಯಲ್ಲಿ ತೂಗಹಾಕಿ ಗಾಳಿಗೆ ಬಿಡುವರು. ಏಕೆಂದರೆ ತೇವವು ರೇಷ್ಮೆಗೆ ಶತ್ರು. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ರೇಷ್ಮೆಯು ನಿಂತುಹೋದ ಮೇಲೆ ಬಳಕೆಗೆ ಬಂದ ನೈಲಾನಿಗೆ ಬಿಸಿಲು ಶತ್ರು. ಬಳಿಕ ಉದ್ದವಾದ ಮೇಜಿನ ಮೇಲೆ ಹರಡಿ ತೂತು, ಕಲೆ, ಎಣ್ಣೆ, ತುಕ್ಕಿನ ಗುರುತುಗಳನ್ನು ಪಟ್ಟಿಪಟ್ಟಿಯಾಗಿ ಹುಡುಕುವರು. ಅಮೆರಿಕದ ಸೈನ್ಯದಲ್ಲಿ ಪ್ರಸಿದ್ಧವಾದ 28 ಅಡಿಯ ಕೊಡೆಗೆ 28 ಪಟ್ಟಿಗಳು, ಅಷ್ಟೇ ಹುರಿಗಳು. ಒಂದೊಂದು ಹುರಿಯನ್ನೂ ಬೆರಳಿನಿಂದ ಸವರಿ, ತೊಡಕನ್ನು ಬಿಡಿಸಿ, ಮಡಿಕೆಗಳು ಜಾರದಂತೆ ಸೀಸದ ಗುಂಡು ತುಂಬಿದ ಸಣ್ಣ ಚೀಲಗಳನ್ನು ಇಟ್ಟು ಮಡಿಚುವರು. ಕೊನೆಗೆ ಉಪಕರಣಗಳನ್ನೆಲ್ಲ ಎಣಿಸುವರು. ಒಂದು ಕಡಮೆಯಾದರೆ ಅದು ಕೊಡೆಯೊಳಗೆ ಉಳಿದಿರಬಹುದು. ಅನಂತರ ತಾರೀಖನ್ನು ಬರೆದು ಚೀಟಿಗೆ ರುಜು ಹಾಕುವರು.

ವೈಮಾನಿಕನು ಬೆನ್ನಿಗೆ ಕಟ್ಟಿಕೊಳ್ಳುವುದು ಒಂದು ಮುಚ್ಚಿದ ಗಂಟನ್ನು. ಒಳಗಿನ ಮಡಿಕೆಗಳು ಅವನಿಗೆ ಪ್ರತ್ಯಕ್ಷವಲ್ಲ. ಹೊರಗಿನ ಬಟ್ಟೆಯ ಅಂದದಿಂದ ಒಳಗಿನ ಹುರಿಯನ್ನು ಅನುಮಾನಿಸುವುದೂ ಸಾಧ್ಯವಿಲ್ಲ. ಬಿಚ್ಚಿ ನೋಡಿದರೆ ಮಡಿಚಿದ ಕೆಲಸವೇ ಕೆಡುವುದು. ಅವನಿಗೆ ಉಳಿಯುವ ಪ್ರಮಾಣವು ಒಂದೇ, ಆಪ್ತವಾಕ್ಯ. ಇದ್ದುದನ್ನು ಇದ್ದಂತೆ ಹೇಳುವವನೇ ಆಪ್ತನೆಂದು ತಾರ್ಕಿಕರ ಮತ. ಹಾಗಾದರೆ ಚೀಟಿಯ ಮೇಲಿನ ರುಜುವು ಬರಿಯ ಹೆಸರಲ್ಲ. "ನಾನು ನೋಡಿದೆನು, ಸರಿಯಾಗಿದೆ" ಎಂಬ ವಾಕ್ಯ. ರುಜು, ಋಜು ಎಂಬ ಎರಡು ಮಾತುಗಳಿಗೆ ಹುಟ್ಟು ಬೇರೆ. ಈ ವೃತ್ತಿಯಲ್ಲಿ ಅವು ಕೂಡಿಯೇ ಇರತಕ್ಕುವು.

ಇಲ್ಲಿ ಒಂದು ಆಕ್ಷೇಪವು ಏಳಬಹುದು. ಅಮೆರಿಕದ ನೌಕಾಸೈನ್ಯವು 1924ರಲ್ಲಿ ಲೇಕ್‌ಹರ್ಸ್ಟ್ ಎಂಬಲ್ಲಿ ತೆರೆದ ಪ್ಯಾರಾಷೂಟ್ ಶಾಲೆಯಲ್ಲಿ, ವಿದ್ಯಾರ್ಥಿಯು ತಾನು ಮಡಿಚಿದ ಕೊಡೆಯನ್ನೇ ಕಟ್ಟಿಕೊಂಡು ತಾನೇ ಧುಮುಕಬೇಕೆಂಬ ಕಟ್ಟಳೆಯು ಬಹುಕಾಲ ನಡೆಯಿತು. ಇದರಿಂದ ಧರ್ಮಕ್ಕೆ ಪ್ರಾಣಭಯವೇ ಮೂಲವೆಂದು ಸಿದ್ಧವಾಗಲಿಲ್ಲವೆ? ಆಗಲಿಲ್ಲ. ವಿದ್ಯಾರ್ಥಿಯು ಧುಮುಕುವುದು ಒಂದು ದಿನ, ಮಡಿಚುವುದು ವರ್ಷಗಟ್ಟಲೆ. ಸಾವಿರದ ಕೊಡೆಯನ್ನು ಮಡಿಚುವಾಗ ಅವನ ಮೈಗೆ ಯಾವ ಭಯವೂ ಇಲ್ಲ. ಆ ಒಂದು ದಿನವು ಕಲಿಸುವುದು ಭಯವನ್ನಲ್ಲ, ಆತ್ಮೌಪಮ್ಯವನ್ನು. ಎಂದರೆ ತನ್ನ ಪ್ರಾಣವು ತನಗೆ ಹೇಗೋ ಇನ್ನೊಬ್ಬನ ಪ್ರಾಣವು ಅವನಿಗೂ ಹಾಗೆಯೆ ಎಂಬ ಅರಿವನ್ನು. ಮಗುವಿಗೆ ಮೊದಲು ಅಕ್ಷರವನ್ನು ಮರಳಿನ ಮೇಲೆ ತಿದ್ದಿಸುವರು. ಅದರಿಂದ ವಿದ್ಯೆಗೆ ಮರಳೇ ಮೂಲವೆಂದು ಯಾರೂ ಹೇಳರು.

ಒಬ್ಬನು ಮಡಿಚಿದುದನ್ನು ಮತ್ತೊಬ್ಬನು ತನಿಖೆ ಮಾಡುವುದು ಆತನ ಮೇಲಣ ಅವಿಶ್ವಾಸವಲ್ಲವೆ ಎಂಬುದು ಎರಡನೆಯ ಆಕ್ಷೇಪ. ಪಾಠಶಾಲೆಗಳಲ್ಲಿ ವೇದವನ್ನು ಸಂತೆ ಹೇಳಿಸುವಾಗ ಎಷ್ಟು ಬಲ್ಲ ಶಿಷ್ಯನ ಸ್ವರವನ್ನಾದರೂ ಗುರುವು ಕಿವಿಗೊಟ್ಟು ಪರೀಕ್ಷಿಸುವನು. ಅದು ಶಿಷ್ಯನ ಶೀಲದ ಪರೀಕ್ಷೆಯಲ್ಲ. ಮನುಷ್ಯನ ಮರೆವಿಗೆ ಕಟ್ಟಿದ ಕಟ್ಟೆ. ತನಿಖೆಯನ್ನು ಅವಮಾನವೆಂದು ಎಣಿಸುವವನು ಕೆಲಸಕ್ಕಿಂತ ತನ್ನ ಮಾನವನ್ನು ದೊಡ್ಡದು ಮಾಡಿದಂತಾಯಿತು.

ನಿಜವಾದ ಪರೀಕ್ಷೆಯು ಬೇರೆಡೆಯಲ್ಲಿದೆ. ಸಂಜೆಯಾಯಿತು, ತನಿಖೆಯವನೂ ನೋಡಿ ಹೋದನು, ಗಂಟನ್ನು ಮುಚ್ಚಿ ಆಯಿತು. ಆಗ ಮಡಿಚಿದವನ ಮನಸ್ಸಿನಲ್ಲಿ, ಒಂದು ಹುರಿಯ ಹೊಲಿಗೆಯನ್ನು ನೋಡಿದೆನೋ ಇಲ್ಲವೋ ಎಂಬ ಸಂದೇಹವು ಹುಟ್ಟುವುದು. ಬಹುಶಃ ಸರಿಯಾಗಿಯೇ ಇರಬಹುದು. ಬಿಚ್ಚಿದರೆ ಇಡೀ ಕೆಲಸವನ್ನು ಮೊದಲಿನಿಂದ ಮಾಡಬೇಕು, ಬಿಚ್ಚದಿದ್ದರೆ ಕೇಳುವವರಿಲ್ಲ. ಹುರಿಯು ಗಟ್ಟಿಯಾಗಿಯೆ ಇದ್ದಿತೆಂದು ಭಾವಿಸಿದರೂ, ಬಿಚ್ಚದೆ ರುಜು ಹಾಕಿದವನು ಸುಳ್ಳಾಡಿದವನೇ. ಏಕೆಂದರೆ ಅವನು ಬರೆದುದು "ಸರಿಯಾಗಿರಬಹುದು" ಎಂದಲ್ಲ, "ನೋಡಿದೆನು" ಎಂದು. ಅದೃಷ್ಟವು ಕೊಡೆಯನ್ನು ಬಿಚ್ಚಿಸಬಲ್ಲುದು. ಅಸತ್ಯವನ್ನು ಸತ್ಯ ಮಾಡಲಾರದು. ಇತರ ವೃತ್ತಿಗಳಲ್ಲಿ ಹಾನಿಗೊಂಡವನು ಬಂದು ದೂರುವನು. ಇಲ್ಲಿ ಅವನು ಹಿಂದಿರುಗಿ ಬರುವುದಿಲ್ಲ. ಆದುದರಿಂದ ಮಡಿಚುವವನೇ ಅವನ ಪರವಾಗಿ ತನ್ನ ಮೇಲೆ ತಾನು ದೂರು ಹೇಳಿಕೊಳ್ಳಬೇಕಾಗುವುದು.

ಇಂತಹ ಕೊಡೆಗಳಲ್ಲಿ ಹೆಚ್ಚಿನವು ಆಪತ್ತಿನಲ್ಲಿ ಒಂದು ಸಲವೂ ಬಿಚ್ಚಿಕೊಳ್ಳದೆ, ಮತ್ತೆ ಮತ್ತೆ ಮಡಿಚಲ್ಪಟ್ಟು, ವಯಸ್ಸು ತೀರಿ ಮೂಲೆಗೆ ಸೇರುವುವು. ಹಾಗಾದರೆ ಆ ಶ್ರಮವೆಲ್ಲ ವ್ಯರ್ಥವೆ? ವೈಮಾನಿಕನು ಮೇಲೆ ಹಾರುತ್ತಿದ್ದಷ್ಟು ಹೊತ್ತೂ ಬೆನ್ನಿನ ಗಂಟನ್ನು ಮರೆತಿದ್ದನಲ್ಲ, ಆ ಮರೆವೇ ಅದರ ಫಲ. ಮನೆಮನೆಯಲ್ಲಿಯೂ ಇಂತಹ ಗಂಟುಗಳು ಉಂಟು: ತಾಯಿಯು ಶೋಧಿಸಿದ ನೀರು, ಗುಮಾಸ್ತನು ಎರಡನೆಯ ಸಲ ಕೂಡಿದ ಲೆಕ್ಕ, ವೈದ್ಯನು ಮತ್ತೊಮ್ಮೆ ಓದಿದ ಔಷಧದ ಚೀಟಿ. ಇವನ್ನು ಮಾಡಿದವರಿಗೆ ಕೃತಜ್ಞತೆಯು ಸಲ್ಲುವುದು ಅಪೂರ್ವ. ಆದರೂ ಲೋಕದ ಯೋಗಕ್ಷೇಮವು ನಿಂತಿರುವುದು ಅವರ ರುಜುವಿನ ಮೇಲೆಯೆ.