ಪರದೆಯ ಮೇಲಿನ ಆಣೆ

ದುಬೈಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ವಿಮಾನದಲ್ಲಿ ಸುಮಾರು 16 ಗಂಟೆಗಳ ದಾರಿ. ಅಷ್ಟು ಹೊತ್ತು ಎಷ್ಟೆಂದು ನಿದ್ರಿಸುವುದು? ಎದುರು ಸೀಟಿನ ಬೆನ್ನಿಗಿರುವ ಪುಟ್ಟ ಪರದೆಯೇ ಗತಿ. ಅದರಲ್ಲಿ ಒಂದು ಕಡೆ ಒತ್ತಿದರೆ ಕಿಬ್ಲಾದ ದಿಕ್ಕು, ಇನ್ನೊಂದು ಕಡೆ ಒತ್ತಿದರೆ ಸಿನಿಮಾ. ನಾವು ಕಿಬ್ಲಾ ನೋಡಿದ್ದು ಎರಡು ಸಲ, ಸಿನಿಮಾ ನೋಡಿದ್ದು ಮೂರು. ಮೊದಲೆರಡರ ಕತೆ ಇಳಿಯುವ ಮೊದಲೇ ಮರೆತುಹೋಗಿತ್ತು.

ಮೂರನೆಯದು ಇರಾನಿನ ಅಸ್ಗರ್ ಫರ್ಹಾದಿಯವರ 'ಎ ಸೆಪರೇಷನ್'. 2011ರ ಈ ಚಿತ್ರಕ್ಕೆ ಮರುವರ್ಷ ಆಸ್ಕರ್ ಬಂತು. ಪಾರಸಿ ಹೆಸರಿನಲ್ಲಿರುವುದು 'ಜುದಾಯಿ'. ಉರ್ದು ಬಲ್ಲವರಿಗೆ ಅರ್ಥ ಹೇಳಬೇಕಾಗಿಲ್ಲ. ಮರೆವಿನ ರೋಗದ ಮುದುಕನನ್ನು ನೋಡಿಕೊಳ್ಳಲು ಬರುವವಳು ಬಸುರಿ ರಾಜಿಯೆ. ಪರಪುರುಷನ ಬಟ್ಟೆ ಬದಲಿಸುವುದು ಪಾಪವೇ ಎಂದು ಫೋನು ಮಾಡಿ ಕೇಳುವಷ್ಟು ಭಯಭಕ್ತಿಯವಳು. ಒಂದು ದಿನ ಮುದುಕನನ್ನು ಮಂಚಕ್ಕೆ ಕಟ್ಟಿ ಹೊರಗೆ ಹೋಗಿದ್ದಕ್ಕೆ ಅವನ ಮಗ ನಾದಿರ್ ಸಿಟ್ಟಿನಿಂದ ಅವಳನ್ನು ಬಾಗಿಲಾಚೆ ತಳ್ಳುತ್ತಾನೆ. ಗರ್ಭ ಹೋಗುತ್ತದೆ. ಅವಳು ಬಸುರಿಯೆಂದು ಗೊತ್ತಿರಲಿಲ್ಲ ಎಂದು ಓದಿದವನಾದ ನಾದಿರ್ ಸುಳ್ಳು ಹೇಳುತ್ತಾನೆ. ಅಪ್ಪನನ್ನು ಉಳಿಸಲು ಶಾಲೆಗೆ ಹೋಗುವ ಮಗಳೂ ನ್ಯಾಯಾಧೀಶರ ಮುಂದೆ ಸುಳ್ಳು ಹೇಳುತ್ತಾಳೆ.

ಕೊನೆಗೆ ಪರಿಹಾರದ ಹಣ ಕೊಡಲು ಒಪ್ಪಿದ ನಾದಿರ್ ಕೇಳುವುದು ಒಂದೇ: ಮಗು ಹೋದದ್ದು ನನ್ನಿಂದಲೇ ಎಂದು ಕುರ್‌ಆನ್ ಮುಟ್ಟಿ ಹೇಳು. ಸಾಲ ಕೊಟ್ಟವರು ಅಲ್ಲೇ ಕೂತಿದ್ದಾರೆ. ಆದರೆ ಹಿಂದಿನ ದಿನ ರಾಜಿಯೆಗೆ ಕಾರು ಬಡಿದಿತ್ತು. ಅವಳಿಗಿರುವುದು ಅನುಮಾನ ಮಾತ್ರ, ಆದರೂ ಕೈ ಮುಂದೆ ಬರುವುದಿಲ್ಲ. ತನಗೆ ವಿರುದ್ಧವಾದರೂ ಸರಿ, ನ್ಯಾಯದ ಸಾಕ್ಷ್ಯ ನುಡಿಯಬೇಕೆಂಬ ನಿಸಾ ಅಧ್ಯಾಯದ ಆಜ್ಞೆಯನ್ನು ನಾವೆಲ್ಲ ಓದಿದ್ದೇವೆ. ಅದರ ಬೆಲೆಯನ್ನು ಹೀಗೆ ಸಾಲದ ಲೆಕ್ಕದಲ್ಲಿ ನೋಡಿರಲಿಲ್ಲ. ಪಕ್ಕದವರಿಗೆ ಕಾಣಬಾರದೆಂದು ಕಂಬಳಿಯ ಅಂಚಿನಿಂದ ಕಣ್ಣೊರೆಸಿಕೊಂಡೆವು.

ಪಕ್ಕದಲ್ಲಿದ್ದವರು ಹುಬ್ಬಳ್ಳಿ ಕಡೆಯ ಒಬ್ಬ ಅಜ್ಜಿ. ಮಗಳ ಬಾಣಂತನಕ್ಕೆ ಹೊರಟವರು. ಪರದೆಯ ಬಳಕೆ ತಿಳಿಯದೆ ಅವರು ದಾರಿಯುದ್ದಕ್ಕೂ ನಕಾಶೆಯ ಮೇಲಿನ ಪುಟ್ಟ ವಿಮಾನವನ್ನೇ ನೋಡುತ್ತಿದ್ದರು. ಅದು ನಮ್ಮ ಕಣ್ಣಿಗೆ ಬಿದ್ದಿತ್ತು. ಕಿವಿಯ ತಂತಿ ತೆಗೆಯುವ ಮನಸ್ಸಾಗಿರಲಿಲ್ಲ, ಅಷ್ಟೆ. ಸಿನಿಮಾ ಮುಗಿದ ಮೇಲೆ ಅವರೇ ಕೇಳಿದರು:

"ಅಂಟಿನ ಉಂಡಿ ತಂದೀನಿ. ತಿನ್ನೋದು ಏನರ ಐತೇನು ಅಂತ ಅಲ್ಲಿ ಕೇಳ್ತಾರಂತ. ಇಲ್ಲ ಅಂದುಬಿಡ್ಲೇನಪಾ?"

"ಹೂಂ ಅಂದುಬಿಡಿ ಅಮ್ಮಾ, ಯಾರು ತೆಗೆದು ನೋಡ್ತಾರೆ!" ಎಂದೆವು.

ಕಣ್ಣಿನ ಪಸೆ ಇನ್ನೂ ಆರಿರಲಿಲ್ಲ. ಹಾಗಾದರೆ ಅತ್ತದ್ದು ಯಾರಿಗಾಗಿ? ಪರದೆಯ ಮೇಲಿನವರ ಸತ್ಯಕ್ಕೆ ಕರಗಲು ನಮಗೆ ಒಂದು ಕಾಸಿನ ಖರ್ಚೂ ಇರಲಿಲ್ಲ. ಉರ್ದುವಿನಲ್ಲಿ 'ಅಮಲ್' ಎಂದರೆ ಮಾಡುವ ಕೆಲಸ, ಕನ್ನಡದಲ್ಲಿ 'ಅಮಲು' ಎಂದರೆ ನಶೆ. ಎರಡು ಭಾಷೆ ಓದಿಯೂ ಆ ಹೊತ್ತಿನಲ್ಲಿ ನಾವು ಒಂದನ್ನು ಇನ್ನೊಂದೆಂದು ತಿಳಿದಿದ್ದೆವು. ಹಾಗೆಂದು ಸಿನಿಮಾವನ್ನು ದೂರುವಂತಿಲ್ಲ. ಅದು ಯಾರಿಗೂ ಉಪದೇಶ ಮಾಡುವುದಿಲ್ಲ, ನಾದಿರನನ್ನೂ ಖಳನನ್ನಾಗಿಸುವುದಿಲ್ಲ.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಬ್ಯಾಡ ಬಿಡಪಾ. ಬಾಣಂತಿ ತಿನ್ನೋದು, ಸುಳ್ಳು ಹೇಳಿ ಒಯ್ಯಬಾರದು" ಎಂದರು. ಇಳಿದ ಮೇಲೆ ಅಧಿಕಾರಿಯ ಮುಂದೆ ತಾವೇ ಡಬ್ಬಿ ಬಿಚ್ಚಿ ತೋರಿಸುತ್ತಿದ್ದುದನ್ನು ದೂರದಿಂದ ಕಂಡೆವು.

ನಮ್ಮ ಚೀಲದ ತಳದಲ್ಲೂ ಮಾವಿನ ಉಪ್ಪಿನಕಾಯಿಯ ಎರಡು ಬಾಟಲಿಗಳಿದ್ದವು. ನಮ್ಮ ಸರದಿ ಬಂದಾಗ ಅಧಿಕಾರಿ ಏನನ್ನೂ ಕೇಳಲಿಲ್ಲ. ನಾವೂ ಹೇಳಲಿಲ್ಲ.