ಹೋರಿ ಆರಿಸಿದವರು

ಜಹೀರಾಬಾದ್, ನಾರಾಯಣಖೇಡಗಳು ಮೊದಲು ಬೀದರ ಜಿಲ್ಲೆಯವು. ತಾಂಡೂರು ಕಲಬುರಗಿಯದು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮೂರೂ ಆಂಧ್ರದ ಪಾಲಾದವು, ಈಗ ತೆಲಂಗಾಣದಲ್ಲಿವೆ. ಶಾಲೆಯಲ್ಲಿ ತೆಲುಗು ಓದಿ ಮನೆಯಲ್ಲಿ ಕನ್ನಡ ಆಡುವ ಕುಟುಂಬಗಳು ಇಲ್ಲಿ ಇನ್ನೂ ಇವೆ, ನಮ್ಮದೂ ಅಂಥದೇ. ನಮ್ಮ ಕಾರಹುಣ್ಣಿವೆಯೂ ನೆರೆಮನೆಯ ತೆಲುಗರ ಏರುವಾಕ ಪೌರ್ಣಮಿಯೂ ಒಂದೇ ದಿನ ಬರುತ್ತವೆ. ಅಂದು ಎರಡೂ ಅಂಗಳಗಳಲ್ಲಿ ಮೈತೊಳೆದು ಸಿಂಗಾರಗೊಳ್ಳುವುದು ಎತ್ತುಗಳೇ.

ಅಣ್ಣನ ಮಗಳು ಪಶುವೈದ್ಯಕೀಯದಲ್ಲಿ ಸ್ನಾತಕೋತ್ತರ ಓದಲು ಬೀದರಿಗೆ ಹೋಗಿದ್ದಾಳೆ. ಅಲ್ಲಿನ ಪಶು ವಿಶ್ವವಿದ್ಯಾಲಯ ದೇವಣಿ ಎಂಬ ದನದ ತಳಿಗೆಂದೇ ಒಂದು ಸಂಶೋಧನಾ ಕೇಂದ್ರ ನಡೆಸುತ್ತದೆ. ಈಗ ಅವಳ ವಾಸ ಬಹುಪಾಲು ದನಗಳ ನಡುವೆ. ಮನೆಯಲ್ಲೇ ದನ ಕಟ್ಟಿಕೊಂಡು ಬೆಳೆದವಳು ದನ ನೋಡಲು ಊರು ಬಿಡಬೇಕಾ ಎಂದು ನೆಂಟರು ಕೇಳಿದ್ದುಂಟು. ಅವಳನ್ನು ನೋಡಲು ಹೋದಾಗ ಉತ್ತರ ನನ್ನ ಕೈಗೇ ತಾಗಿತು.

ನಿಂತಿದ್ದ ಆಕಳ ಎಡಪಕ್ಕೆಯ ಗುಳಿಯಲ್ಲಿ ನನ್ನ ಮುಷ್ಟಿ ಒತ್ತಿ ಹಿಡಿಸಿದಳು. ತುಸು ಹೊತ್ತಿಗೆ ಒಳಗೇನೋ ಉರುಳಿ ಬಂದು ಮುಷ್ಟಿಯನ್ನು ಹೊರಕ್ಕೆ ನೂಕಿತು, ಇಳಿಯಿತು, ಮತ್ತೆ ನೂಕಿತು. ಅದು ಆಕಳ ಮೊದಲ ಹೊಟ್ಟೆ, ನೂರು ಲೀಟರಿನಷ್ಟು ಹಿಡಿಯುವಂಥದು. ಜೋಳದ ಕಣಿಕೆಯ ನಾರು ಕರಗಿಸುವುದು ಆಕಳಿಂದ ಆಗದ ಕೆಲಸವಂತೆ. ಅದನ್ನು ಮಾಡುವವು ಆ ಹೊಟ್ಟೆಯ ಹನಿಹನಿಯಲ್ಲೂ ಕೋಟಿಗಟ್ಟಲೆ ಇರುವ ಸೂಕ್ಷ್ಮಜೀವಿಗಳು. ಆಕಳು ಅವಕ್ಕೆ ಮೇವು, ನೀರು, ಬೆಚ್ಚನೆಯ ಜಾಗ ಕೊಟ್ಟು ಸಾಕುತ್ತದೆ. ಕಡೆಗೆ ಅವೇ ಮುಂದಿನ ಹೊಟ್ಟೆಗೆ ಸರಿದು ಅದಕ್ಕೆ ಆಹಾರವಾಗುತ್ತವೆ. ಈಗಷ್ಟೇ ಹುಟ್ಟಿದ ಕರುವಿಗೆ ಈ ಏರ್ಪಾಡು ಇರುವುದಿಲ್ಲ. ತಾಯಿ ನೆಕ್ಕುತ್ತ, ತಾನು ಗ್ವಾದಲಿಗೆ ಬಾಯಿ ಹಾಕುತ್ತ ಅದನ್ನು ಸಂಪಾದಿಸಿಕೊಳ್ಳುತ್ತದೆ. ಇಷ್ಟೆಲ್ಲ ತಿಳಿದ ಮೇಲೆ ಮೆಲುಕು ಹಾಕುವ ದನದ ಮುಂದಿನಿಂದ ಸುಮ್ಮನೆ ಎದ್ದು ಹೋಗುವುದು ನನಗೆ ಕಷ್ಟವಾಗಿದೆ.

ಆದರೂ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ತಳಿಯ ಕಥೆ. ಲಾತೂರು ಜಿಲ್ಲೆಯ ದೇವಣಿ ಎಂಬ ಊರಿನಿಂದ ಅದಕ್ಕೆ ಆ ಹೆಸರು. ಗೀರ್, ಡಾಂಗಿ ಮತ್ತು ಈ ಸೀಮೆಯ ನಾಡದನಗಳ ಬೆರಕೆಯಿಂದ ಬಂದದ್ದು ಎನ್ನುತ್ತಾರೆ ತಿಳಿದವರು. ಮೈ ಬಿಳಿದಾಗಿ ಮೋತಿ ಕಪ್ಪಾದದ್ದು ವನ್ನೆರಾ. ಹೆಚ್ಚುಕಡಿಮೆ ಪೂರ್ತಿ ಬಿಳಿಯದು ಬಾಳಂಕ್ಯಾ. ಕರಿ ಮಚ್ಚೆ ಚೆಲ್ಲಿದಂತಿರುವುದು ಶೇವರಾ. ಹಾಲಿಗೂ ಆಗಬೇಕು, ಎರೆ ಹೊಲದ ದುಡಿಮೆಗೂ ಆಗಬೇಕು. ಇದನ್ನು ಸಾಧಿಸಿದವರ ಒಂದು ಹೆಸರೂ ಉಳಿದಿಲ್ಲ. ಯಾವ ಹೋರಿಯ ಬೀಜ ಒಡೆಸಿ ನೊಗಕ್ಕೆ ಹೂಡಬೇಕು, ಯಾವುದನ್ನು ಆಕಳಿಗೆ ಬಿಡಬೇಕು ಎಂದು ತಲೆಮಾರಿನಿಂದ ತಲೆಮಾರಿಗೆ ರೈತರು ತಂತಮ್ಮ ಅಂಗಳದಲ್ಲಿ ನಿಂತು ತೀರ್ಮಾನಿಸುತ್ತ ಬಂದರು. ಒಬ್ಬರನ್ನೊಬ್ಬರು ಕಂಡವರಲ್ಲ, ಆಡುವ ಮಾತೂ ಒಂದಲ್ಲ. ಆದರೂ ಎಲ್ಲರ ಕಣ್ಣೂ ಒಂದೇ ಬಗೆಯ ದನವನ್ನು ಮೆಚ್ಚುತ್ತ ಹೋಯಿತು. ಹೇಗೆ?  

ಹುಡುಗಿ ಟೇಪು ಹಿಡಿದು ಎದೆಯ ಸುತ್ತಳತೆ ತೆಗೆಯುತ್ತಾಳೆ, ಹಾಲು ತೂಗಿ ಬರೆಯುತ್ತಾಳೆ. ನನಗೆ ಅವಳ ಬಗ್ಗೆ ಹೆಮ್ಮೆ ಬಂದದ್ದು ಆ ಅಳತೆಗಳನ್ನು ನೋಡಿ ಅಲ್ಲ. ಒಂದು ಸಂಜೆ ಮನೆಗೆ ಫೋನ್ ಮಾಡಿ ನಮ್ಮಪ್ಪನನ್ನು ಕೇಳಿದಳು:

“ಮುತ್ಯಾ, ಹೋರಿಗರು ಆರಿಸಬೇಕಾದ್ರ ಮೊದಲ ಏನ್ ನೋಡ್ತಿದ್ದಿ? ಕಾಲೋ, ಎದಿಯೋ?”

“ಕರಾ ಆಮ್ಯಾಲ ನೋಡ್ತಿದ್ದೆ ಯವ್ವಾ. ಮೊದಲ ಅದರ ತಾಯಿ ಕಡಿ ಹೋಗಿ ನಿಂದರ್ತಿದ್ದೆ.”

“ತಾಯೀದು ಏನ್ ನೋಡ್ತಿದ್ದಿ?”

ಅಪ್ಪ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡು, ಗೋಡೆಗೆ ಒರಗಿ, ಕೆಚ್ಚಲಿನಿಂದ ಶುರುಮಾಡಿದ.